ಮಗಳನ್ನು ಒಮ್ಮೆ ಸ್ಟಾರ್ಮ್ ಮ್ಯಾಚ್‌ಗೆ ಕರೆದುಕೊಂಡು ಹೋಗಿ

ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಬಂದು ನಾಲ್ಕು ತಿಂಗಳಾಯ್ತು, ಆಫೀಸು, ಕಾಸ್ಟ್‌ಕೋ, ಬಾಥೆಲ್‌ನ ದೇವಸ್ಥಾನ ಬಿಟ್ಟರೆ ಬೇರೇನೂ ಇಲ್ಲ, ಈ ಊರು ನಮ್ಮದು ಅನ್ನಿಸೋದು ಯಾವಾಗ ಅಂತ ಕೇಳಿದ್ದೀರಿ. ಬೆಂಗಳೂರಿನ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಮಗಳು ಇಲ್ಲಿ ಮಂಕಾಗಿದ್ದಾಳೆ ಅಂತಲೂ ಬರೆದಿದ್ದೀರಿ. ಓದಿದ ಕೂಡಲೇ ನನಗೆ ತೋಚಿದ್ದು ಒಂದೇ. ಅವಳನ್ನು ಇಲ್ಲಿನ ಹೆಂಗಸರ ಬಾಸ್ಕೆಟ್‌ಬಾಲ್ ತಂಡ ಸಿಯಾಟಲ್ ಸ್ಟಾರ್ಮ್‌ನ ಮ್ಯಾಚ್‌ಗೆ ಕರೆದುಕೊಂಡು ಹೋಗಿ. ಅದಕ್ಕೂ ಮುಂಚೆ ಆ ತಂಡದ ಕಥೆ ಹೇಳಿ.

ನಾನು ಇಲ್ಲಿಗೆ ಬಂದಿದ್ದು 2007ರಲ್ಲಿ. ಆಗ ಸೋನಿಕ್ಸ್ ಅಂತ ಗಂಡಸರ ತಂಡ ಇತ್ತು, 41 ವರ್ಷ ಈ ಊರಲ್ಲಿ ಆಡಿದ್ದು. ಅದನ್ನೂ ಹೆಂಗಸರ ತಂಡ ಸ್ಟಾರ್ಮನ್ನೂ ಸೇರಿಸಿ 2006ರಲ್ಲಿ ಒಕ್ಲಹೋಮಾದವರಿಗೆ ಮಾರಿದ್ದರು. 2008ರಲ್ಲಿ ಸೋನಿಕ್ಸ್ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಆಫೀಸಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಅವತ್ತು ಸೋನಿಕ್ಸ್‌ನ ಹಸಿರು ಜೆರ್ಸಿ ಹಾಕಿಕೊಂಡು ಬಂದು, ಮಧ್ಯಾಹ್ನದವರೆಗೂ ಯಾರ ಜೊತೆಗೂ ಮಾತಾಡಲಿಲ್ಲ.

ಸ್ಟಾರ್ಮ್ ಹೋಗಲಿಲ್ಲ. ಹೋಗದ ಹಾಗೆ ಹಿಡಿದಿಟ್ಟವರು ಇದೇ ಊರಿನ ನಾಲ್ವರು ಹೆಂಗಸರು. ಡಾನ್ ಟ್ರೂಡೋ, ಲೀಸಾ ಬ್ರಮ್ಮೆಲ್ ಇಬ್ಬರೂ ಮೈಕ್ರೋಸಾಫ್ಟ್‌ನಲ್ಲಿ ದುಡಿದವರು. ಜಿನ್ನಿ ಗಿಲ್ಡರ್ ಒಲಿಂಪಿಕ್ಸ್ ದೋಣಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದವರು. ಆನ್ ಲೆವಿನ್ಸನ್ ನ್ಯಾಯಾಧೀಶೆಯಾಗಿದ್ದವರು. 1 ಕೋಟಿ ಡಾಲರ್ ಕೊಟ್ಟು ತಂಡವನ್ನು ಬಿಡಿಸಿಕೊಂಡರು. ಕಂಪನಿಗೆ ಫೋರ್ಸ್ 10 ಹೂಪ್ಸ್ ಅಂತ ಹೆಸರಿಟ್ಟರು. ಗಾಳಿಯ ಜೋರು ಅಳೆಯುವ ಬೋಫರ್ಟ್ ಲೆಕ್ಕದಲ್ಲಿ 10 ಅಂದರೆ ಸ್ಟಾರ್ಮ್, ಬಿರುಗಾಳಿ. ಎಷ್ಟು ಚೆಂದದ ಹೆಸರು ಅಲ್ವಾ? ನಾನು ಈ ಊರನ್ನು ಪ್ರೀತಿಸೋಕೆ ಶುರು ಮಾಡಿದ್ದು ಆ ಸುದ್ದಿ ಓದಿದ ದಿನದಿಂದ.

ತಂಡ ಹುಟ್ಟಿದ್ದು 2000ದಲ್ಲಿ. ಮೊದಲ ವರ್ಷ 32 ಮ್ಯಾಚಲ್ಲಿ ಗೆದ್ದಿದ್ದು 6. ಮರುವರ್ಷ ಆಸ್ಟ್ರೇಲಿಯಾದ ಆಲ್ಬರಿ ಅನ್ನೋ ಊರಿಂದ 19 ವರ್ಷದ ಹುಡುಗಿ ಲಾರೆನ್ ಜಾಕ್ಸನ್ ಬಂದರು. ನಿಮ್ಮ ಮಗಳ ಹಾಗೆ ಅವರೂ ಸಮುದ್ರ ದಾಟಿ ಬಂದವರೇ. 2002ರಲ್ಲಿ ಸೂ ಬರ್ಡ್ ಅನ್ನೋ ಆಟಗಾರ್ತಿ ಬಂದರು. 2004ರಲ್ಲಿ ಮೊದಲ ಕಪ್ ಬಂತು. ಕೋಚ್ ಆನ್ ಡಾನೊವನ್. ಡಬ್ಲ್ಯುಎನ್‌ಬಿಎ, ಅಂದರೆ ಅಮೆರಿಕದ ಹೆಂಗಸರ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಕಪ್ ಗೆಲ್ಲಿಸಿದ ಮೊದಲ ಮಹಿಳಾ ಕೋಚ್ ಅವರೇ. ಆಮೇಲೆ 2010, 2018, 2020. ಕೊನೆಯದು ಕೋವಿಡ್ ವರ್ಷ. ಮ್ಯಾಚ್‌ಗಳೆಲ್ಲ ಫ್ಲೋರಿಡಾದಲ್ಲಿ ಖಾಲಿ ಸ್ಟ್ಯಾಂಡ್ ಮುಂದೆ ನಡೆದವು. ನಾವು ಮನೆಯಲ್ಲೇ ಕೂತು ಕಿರುಚಿದ್ದೆವು.

ನಾನು ಮರೆಯಲಾರದ್ದು 2018ರ ಸೆಮಿಫೈನಲ್, ಫೀನಿಕ್ಸ್ ವಿರುದ್ಧ ಐದನೇ ಮ್ಯಾಚ್. ಗೆದ್ದವರು ಫೈನಲ್‌ಗೆ. ಹಿಂದಿನ ಮ್ಯಾಚಲ್ಲಿ ಸೂ ಬರ್ಡ್ ಮೂಗು ಮುರಿದಿತ್ತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೋರ್ಟ್‌ಗೆ ಇಳಿದರು, 37ನೇ ವಯಸ್ಸಲ್ಲಿ. ಕೊನೆಯ ಹತ್ತು ನಿಮಿಷದಲ್ಲಿ ಒಬ್ಬರೇ 14 ಪಾಯಿಂಟ್ ಹೊಡೆದರು. ದೂರದಿಂದ ಎಸೆದ ಚೆಂಡು ಬಲೆಯೊಳಗೆ ಸರ್ ಅಂತ ಇಳಿದಾಗಲೆಲ್ಲ ನನ್ನ ಮಗಳು ನನ್ನ ಕೈ ಅದುಮುತ್ತಿದ್ದಳು. ಅವಳಿಗಾಗ ಒಂಬತ್ತು. ಮನೆಗೆ ಬಂದು ನೋಡಿದರೆ ತೋಳಿನ ಮೇಲೆ ನಾಲ್ಕು ಉಗುರಿನ ಗುರುತು. ಮಾರನೇ ದಿನವೇ ಪಾರ್ಕಿನ ಕೋರ್ಟ್‌ನಲ್ಲಿ ಪರಿಚಯವಿಲ್ಲದ ಹುಡುಗಿಯರ ಹತ್ತಿರ ಹೋಗಿ 'ನಾನೂ ಆಡಲಾ?' ಅಂತ ಕೇಳಿದಳು. ಅವರಲ್ಲಿ ಇಬ್ಬರು ಇವತ್ತಿಗೂ ಅವಳ ಜೀವದ ಗೆಳತಿಯರು.

ಬರ್ಡ್ 2022ರಲ್ಲಿ ಆಟ ಬಿಟ್ಟರು. ಬೇರೆ ಯಾವ ಡಬ್ಲ್ಯುಎನ್‌ಬಿಎ ತಂಡಕ್ಕೂ ಆಡಿದವರಲ್ಲ. ಲೀಗ್ ಹಂತದ ಕೊನೆಯ ತವರು ಮ್ಯಾಚ್‌ಗೆ 18,100 ಜನ ಬಂದಿದ್ದರು. 2025ರಿಂದ ಸ್ಟಾರ್ಮ್ ಆಡುವ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಹೊರಗೆ ಅವರ ಪ್ರತಿಮೆ ಇದೆ.

ಅರೀನಾಗೆ ಕಾರು ತಗೊಂಡು ಹೋಗಬೇಡಿ, ಪಾರ್ಕಿಂಗ್ ತುಂಬಾ ದುಬಾರಿ. ವೆಸ್ಟ್‌ಲೇಕ್‌ನಿಂದ ಮೊನೊರೈಲ್ ಹತ್ತಿ, ಇಳಿದರೆ ಸ್ವಲ್ಪ ನಡಿಗೆ ಅಷ್ಟೇ. ಅರೀನಾದ ಚಾವಣಿ 1962ರ ವಿಶ್ವಮೇಳದ್ದು. ಅದನ್ನು ಹಾಗೇ ಉಳಿಸಿಕೊಂಡು ಕೆಳಗೆ ಎಲ್ಲ ಹೊಸದಾಗಿ ಕಟ್ಟಿದ್ದಾರೆ. ಮಗಳಿಗೆ ಅದನ್ನೂ ತೋರಿಸಿ. ಮೇಲಿನ ಸೀಟು ತಗೊಂಡರೂ ಪರವಾಗಿಲ್ಲ, ಅಲ್ಲಿಂದ ಪಾಸ್‌ಗಳು ಇನ್ನೂ ಚೆನ್ನಾಗಿ ಕಾಣುತ್ತವೆ.

ಸೀಸನ್ ಶುರುವಾಗೋದು ಮೇನಲ್ಲಿ. ಮೊದಲ ಮ್ಯಾಚ್‌ಗೆ ನಮ್ಮ ಜೊತೆಯೇ ಬನ್ನಿ. ನನ್ನ ಮಗಳ ಹಳೇ 10ನೇ ನಂಬರ್ ಜೆರ್ಸಿ ನಿಮ್ಮ ಹುಡುಗಿಗೆ ಸರಿಯಾಗುತ್ತೆ, ತೆಗೆದಿಟ್ಟಿರ್ತೀನಿ.