ಫೈಲ್ ದಪ್ಪ, ರಿಪೋರ್ಟ್ ನಾರ್ಮಲ್

(ಗುರುತು ಸಿಗಬಾರದೆಂದು ಹೆಸರು, ಕೆಲಸ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಆಪ್ತಸಮಾಲೋಚನೆ ಕೋಣೆಯ ಬಾಗಿಲಲ್ಲೇ ನಿಂತು ಅವರು ಕೇಳಿದ ಮೊದಲ ಮಾತು, "ಆ ಟ್ಯೂಬ್‌ಲೈಟ್ ಆರಿಸಬಹುದಾ ಮೇಡಂ?" ಆರಿಸಿದೆ. ಕಿಟಕಿಗೆ ಬೆನ್ನು ಹಾಕಿ ಕೂತರು. ದಪ್ಪನೆಯ ಫೈಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು, "ಇದರಲ್ಲಿ ಎಲ್ಲಾ ಇದೆ. ಆದ್ರೆ ಏನೂ ಇಲ್ಲ" ಅಂದರು.

ಸುಧಾ ಅಂತ ಕರೆಯೋಣ. ವಯಸ್ಸು 40ರ ಹತ್ತಿರ. ಲೆಕ್ಕಪತ್ರ ನೋಡುವ ಕೆಲಸ. ಮನೆಯಲ್ಲಿ ಗಂಡ ಮತ್ತು 10 ವರ್ಷದ ಮಗಳು. ಕಾಲೇಜಿನ ದಿನಗಳಲ್ಲಿ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ ಅರೆತಲೆನೋವು, ಕಳೆದ 6 ವರ್ಷಗಳಿಂದ ಹೋಗುವುದನ್ನೇ ಮರೆತಿತ್ತು.

"ದಿನಾ ಒಂದು ನಾಲ್ಕು ಇದ್ದೇ ಇರುತ್ತೆ. ವಾರಕ್ಕೆ ಎರಡು ಮೂರು ಸಲ ಎಂಟಕ್ಕೆ ಹೋಗುತ್ತೆ." ಹತ್ತಕ್ಕೆ ಎಷ್ಟು ಅಂತ ಡಾಕ್ಟರುಗಳು ಕೇಳಿ ಕೇಳಿ, ನೋವನ್ನು ಅಂಕಿಯಲ್ಲೇ ಹೇಳುವುದು ಅವರಿಗೆ ರೂಢಿಯಾಗಿತ್ತು. ನಾಲ್ಕು ಅಂದ್ರೆ ಹೇಗಿರುತ್ತೆ ಅಂತ ಕೇಳಿದೆ. "ಬಿಗಿ ಹೆಲ್ಮೆಟ್ ಹಾಕ್ಕೊಂಡು ಎಲ್ಲರ ಹತ್ರ ನಗ್ತಾ ಮಾತಾಡೋದು." ಎಂಟು? "ಬಾತ್‌ರೂಮ್ ನೆಲ." ವಾಂತಿಯ ನಡುವೆ, ತಣ್ಣಗಿನ ಟೈಲ್ಸ್‌ಗೆ ಕೆನ್ನೆ ಒತ್ತಿಕೊಂಡು ಮಲಗುತ್ತಿದ್ದರಂತೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಭ್ಯಾಸಬಲದಿಂದ, "ಮನೇಲಿ, ಆಫೀಸಲ್ಲಿ ಟೆನ್ಷನ್ ಏನಾದ್ರೂ ಇದೆಯಾ?" ಅಂತ ಕೇಳಿಬಿಟ್ಟೆ. ಅವರ ಮುಖ ತಟ್ಟನೆ ಮುಚ್ಚಿಕೊಂಡಿತು. "ನಿಮ್ಮ ಹತ್ರ ಕಳಿಸಿದಾಗ್ಲೇ ಅಂದ್ಕೊಂಡೆ. ಸ್ಕ್ಯಾನಲ್ಲಿ ಏನೂ ಕಾಣ್ಲಿಲ್ಲ, ಹಾಗಾಗಿ ಮನಸ್ಸಿಂದು, ಅಲ್ವಾ?" ಆ ಪ್ರಶ್ನೆಯನ್ನು ಅವರು ಎಷ್ಟು ಜನರಿಂದ ಕೇಳಿರಬಹುದು ಅಂತ ನಾನು ಯೋಚಿಸಬೇಕಿತ್ತು. ಕ್ಷಮೆ ಕೇಳಿದೆ. ಉಳಿದ ಅರ್ಧ ಗಂಟೆ ಸಲಹೆ ಗಿಲಹೆ ಏನೂ ಇಲ್ಲದೆ ಫೈಲನ್ನೇ ತಿರುವಿದೆವು.

ನಾಲ್ಕನೇ ಡಾಕ್ಟರ ಚೀಟಿಯಲ್ಲಿ, ಮಾತ್ರೆಗಳ ಹೆಸರಿನ ಮೇಲೆ, ಗೀಚಿದ ಅಕ್ಷರದಲ್ಲಿ ಕಾಯಿಲೆಯ ಹೆಸರಿತ್ತು: ಕ್ರಾನಿಕ್ ಮೈಗ್ರೇನ್, ಅಂದರೆ ಬಹುಕಾಲದ ಅರೆತಲೆನೋವು. ಅದನ್ನು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ 3 ತಿಂಗಳು ಮೀರಿದರೆ ಅದಕ್ಕೆ ಈ ಹೆಸರು. ಸ್ಕ್ಯಾನ್ ಮಾಡಿಸುವುದು ಗೆಡ್ಡೆ, ರಕ್ತಸ್ರಾವದಂಥ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಮೈಗ್ರೇನ್ ಅದರಲ್ಲಿ ಕಾಣುವುದಿಲ್ಲ. ಮನೆಯ ಫೋಟೋ ತೆಗೆದರೆ ಗೋಡೆಯ ಬಿರುಕು ಕಾಣುತ್ತದೆ, ಒಳಗಿನ ಗಲಾಟೆ ಕಾಣುತ್ತದೆಯೇ? ಹೀಗಂದಾಗ ಮೊದಲ ಸಲ ನನ್ನ ಕಡೆ ನೆಟ್ಟಗೆ ನೋಡಿದರು. "ಹಾಗಾದ್ರೆ ನಾನು ಸುಳ್ಳು ಹೇಳ್ತಿಲ್ಲ" ಅಂದರು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನಂತೂ ಅಂದಿರಲಿಲ್ಲ. ಅವರಿಗೇ ಆ ಅನುಮಾನ ಬಂದುಬಿಟ್ಟಿತ್ತು.

ಮಾತ್ರೆ ಎಷ್ಟು ತಗೋತೀರಿ ಅಂದರೆ "ಬೇಕಾದಾಗ ಮಾತ್ರ" ಅನ್ನುವ ಉತ್ತರ. ಒಂದು ಕ್ಯಾಲೆಂಡರ್ ಕೊಟ್ಟೆ. ದೊಡ್ಡ ಡೈರಿ ಬೇಡ, ನೋವಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾ ಕೂತರೆ ದಿನವೆಲ್ಲ ಅದನ್ನೇ ಕಾಯುವ ಹಾಗಾಗುತ್ತದೆ. ರಾತ್ರಿ ಮಲಗುವಾಗ ಎರಡೇ ಗುರುತು: ನೋವಿನ ಅಂಕಿ, ಮತ್ತು ನೋವಿನ ಮಾತ್ರೆ ನುಂಗಿದ ದಿನಕ್ಕೆ ಒಂದು ಟಿಕ್. ತಿಂಗಳ ಕೊನೆಗೆ 26 ದಿನ ನೋವು, 22 ಟಿಕ್. ಲೆಕ್ಕದ ಕೆಲಸದವರು, ಎರಡು ಸಲ ಎಣಿಸಿ ಸುಮ್ಮನಾದರು.

ಮೈಗ್ರೇನ್ ಇರುವವರು ನೋವಿನ ಮಾತ್ರೆಯನ್ನು ಪದೇ ಪದೇ ತಗೊಂಡರೆ ಆ ಮಾತ್ರೆಯೇ ತಲೆನೋವು ಹೋಗದಂತೆ ಮಾಡಬಹುದು. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯಾದರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಬೆರೆಸಿದ್ದೋ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಗುಂಪಿನದ್ದೋ ಆದರೆ 10 ದಿನ, ಹೀಗೆ 3 ತಿಂಗಳು ಮೀರಿತು ಅಂದರೆ ಅನುಮಾನಿಸಬೇಕು. ಮಾತ್ರೆಗಳನ್ನಲ್ಲ, ದಿನಗಳನ್ನು ಎಣಿಸಬೇಕು. ಸುಧಾ ನುಂಗುತ್ತಿದ್ದದ್ದು ಬೆರಕೆ ಮಾತ್ರೆ. "ಅಂದ್ರೆ ಇದು ಚಟಾನಾ?" ಅಂತ ಕೇಳಿದರು. ಅಲ್ಲ. ನೋವಿರುವವರು ನೋವಿನ ಮಾತ್ರೆ ನುಂಗಿದರು, ಅಷ್ಟೇ.

ನಾನು ಡಾಕ್ಟರಲ್ಲ. ಮಾತ್ರೆ ನಿಲ್ಲಿಸಿ ಅಂತ ಹೇಳುವ ಹಕ್ಕು ನನಗಿಲ್ಲ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ ಕೂಡ. ಹಾಗಾಗಿ ನಾವಿಬ್ಬರೂ ಕೂತು ಆ ದಪ್ಪ ಫೈಲನ್ನು ಒಂದು ಹಾಳೆಗೆ ಇಳಿಸಿದೆವು: ಯಾವ ಔಷಧಿ, ಎಷ್ಟು ಡೋಸ್, ಎಷ್ಟು ವಾರ, ಯಾಕೆ ಬಿಟ್ಟಿದ್ದು. ಈ ಹಾಳೆಯಿಂದ ಒಂದು ವಿಷಯ ಹೊರಬಿತ್ತು. ನೋವು ಬರದಂತೆ ತಡೆಯುವ ಔಷಧಿಗಳಲ್ಲಿ ಐದು ನೋಡಿ ಆಯಿತು, ಯಾವುದೂ ನಾಟಲಿಲ್ಲ ಅಂತ ಅವರ ನಂಬಿಕೆ. ಅಂಥ ಔಷಧಿಗೆ ಸರಿಯಾದ ಡೋಸಿನಲ್ಲಿ ಕಡಿಮೆ ಅಂದರೂ ಎರಡು ತಿಂಗಳು ಕೊಟ್ಟು ನೋಡಬೇಕು. ಐದರಲ್ಲಿ ಮೂರನ್ನು ಅವರು ಮೂರು ವಾರದೊಳಗೇ ಬಿಟ್ಟಿದ್ದರು. ಯಾವುದಕ್ಕೂ ಬಗ್ಗದ ತಲೆನೋವು ಅಂತ ಹಣೆಪಟ್ಟಿ ಹಚ್ಚುವ ಮುಂಚೆ ಈ ಲೆಕ್ಕವನ್ನು ಯಾರಾದರೂ ನೋಡಬೇಕಿತ್ತು ಅನ್ನುವ ಸಿಟ್ಟು ನನಗೆ ಈಗಲೂ ಇದೆ.

ನರರೋಗ ತಜ್ಞರು ಹಾಳೆ ಓದಿ, ಆ ಮಾತ್ರೆ ನಿಲ್ಲಿಸೋಣ ಅಂದರು. ಮೊದಲ 2ರಿಂದ 10 ದಿನ ನೋವು ಇನ್ನೂ ಏರಬಹುದು ಅಂತ ಮೊದಲೇ ಎಚ್ಚರಿಸಿದ್ದರು. ಆ ದಿನಗಳಿಗೆ ನಾವು ಊಹಾಪೋಹ ಬಿಟ್ಟು ತಯಾರಿ ಮಾಡಿದೆವು. ಆಫೀಸಿಗೆ ರಜೆ, ಮಗಳನ್ನು ಶಾಲೆಯಿಂದ ಕರೆತರುವ ಪಾಳಿ ತಂಗಿಗೆ, ಫ್ರೀಜರಿನಲ್ಲಿ ಎರಡು ಐಸ್‌ಪ್ಯಾಕ್. ಹ್ಯಾಂಡ್‌ಬ್ಯಾಗಿನ ಒಳಜೇಬಿನ ಸ್ಟ್ರಿಪ್ ಗಂಡನ ಕೈಗೆ. ಅದನ್ನು ಕೊಡುವಾಗ ಕೈ ನಡುಗಿತು ಅಂತ ಆಮೇಲೆ ಹೇಳಿದರು. ಆರನೇ ದಿನ ನನಗೊಂದು ಮೆಸೇಜ್: "ಒಂಬತ್ತು. ಯಾರಿಗಾದ್ರೂ ಬೈಬೇಕು ಅನ್ಸ್ತಿದೆ, ನಿಮಗೇ." ಬೈಯಿರಿ ಅಂದೆ. ಫೋನ್ ಮಾಡಿ ಚೆನ್ನಾಗೇ ಬೈದರು.

ಆಮೇಲೆ ತಡೆ ಔಷಧಿಯೊಂದನ್ನು ಪೂರ್ತಿ ಅವಧಿ ತೆಗೆದುಕೊಂಡರು. ಅದು ಸಾಲಲಿಲ್ಲವೆಂದು ಡಾಕ್ಟರು ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್) ಚುಚ್ಚುಮದ್ದು ಶುರು ಮಾಡಿದರು. ಹಣೆ, ತಲೆ, ಕತ್ತು, ಭುಜ ಸೇರಿ 31 ಕಡೆ ಸಣ್ಣ ಸಣ್ಣ ಚುಚ್ಚು, 12 ವಾರಕ್ಕೊಮ್ಮೆ. ಇದೂ ಸಾಲದಿದ್ದರೆ ಸಿಜಿಆರ್‌ಪಿ ಅನ್ನುವ ನೋವಿನ ರಾಸಾಯನಿಕವನ್ನು ತಡೆಯುವ ಚುಚ್ಚುಮದ್ದುಗಳಿವೆ. ಅವು 2018ರಿಂದ ಬಳಕೆಯಲ್ಲಿವೆ. ದಾರಿ ಇನ್ನೂ ಮುಗಿದಿಲ್ಲ ಅಂತ ಗೊತ್ತಿರುವುದೇ ಅವರಿಗೆ ಆಗ ದೊಡ್ಡ ವಿಷಯವಾಗಿತ್ತು.

ಯಾಕೆಂದರೆ ಮೂರನೇ ಭೇಟಿಯಲ್ಲಿ, "ಮುಂದಿನ 30 ವರ್ಷ ಹೀಗೇ ಅಂದ್ರೆ ನಂಗೆ ಬೇಡ" ಅಂದಿದ್ದರು. ಸುತ್ತಿ ಬಳಸದೆ ಕೇಳಿದೆ, "ಸಾಯಬೇಕು ಅನ್ನಿಸಿದೆಯಾ?" ಬೆಳಿಗ್ಗೆ ಏಳದಿದ್ದರೆ ಸಾಕು ಅನ್ನಿಸುತ್ತದೆ, ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ ಅಂದರು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ. ಕೇಳದಿದ್ದರೆ ಅವರು ಒಬ್ಬರೇ ಹೊತ್ತುಕೊಂಡಿರುತ್ತಾರೆ. ಅವರ ಒಪ್ಪಿಗೆ ಪಡೆದು ಡಾಕ್ಟರಿಗೆ, ಗಂಡನಿಗೆ ತಿಳಿಸಿದೆ. ಖಿನ್ನತೆಗೂ ಚಿಕಿತ್ಸೆ ಶುರುವಾಯಿತು. ಖಿನ್ನತೆಯಿಂದ ತಲೆನೋವು ಬಂತು ಅಂತಲ್ಲ. ಎರಡೂ ಜೊತೆಗಿದ್ದಾಗ ಎರಡನ್ನೂ ನೋಡಬೇಕು.

ಗಂಡ ಒಳ್ಳೆಯ ಮನುಷ್ಯ. ಸಮಸ್ಯೆ ಇದ್ದದ್ದು ಅವರ ಒಂದು ಪ್ರಶ್ನೆಯಲ್ಲಿ. ದಿನಾ ಸಂಜೆ ಚಪ್ಪಲಿ ಬಿಡುತ್ತಲೇ, "ತಲೆ ಹೇಗಿದೆ?" ನೋವಿದೆ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಹಾಗಾಗಿ ಏಳು ಗಂಟೆ ಹತ್ತಿರ ಬಂದರೆ ಸುಧಾಗೆ ಕುತ್ತಿಗೆ ಬಿಗಿಯುತ್ತಿತ್ತು. ಫ್ರಿಜ್ ಬಾಗಿಲಿಗೆ ಮೂರು ಬಣ್ಣದ ಮ್ಯಾಗ್ನೆಟ್ ಇಡಿಸಿದೆ. ಹಸಿರು, ಹಳದಿ, ಕೆಂಪು. ಅದನ್ನು ನೋಡಿದರೆ ಸಾಕು, ಕೇಳುವ ಹಾಗಿಲ್ಲ. ಕೆಂಪಿದ್ದರೆ ಮಾತಿಲ್ಲದೆ ಅಡುಗೆಮನೆ ಗಂಡನದ್ದು. ಮಗಳ ವಿಷಯ ತಡವಾಗಿ ಗೊತ್ತಾಯಿತು. ಮನೆಯಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದಳು. ತಾನು ಗಲಾಟೆ ಮಾಡಿದ್ದಕ್ಕೇ ಅಮ್ಮನಿಗೆ ಹೀಗಾಯಿತು ಅಂತ ಅವಳ ಲೆಕ್ಕ. "ಇದು ನಿನ್ನಿಂದ ಬಂದಿದ್ದಲ್ಲ" ಅಂತ ಅಮ್ಮನೇ ಕೂರಿಸಿಕೊಂಡು ಹೇಳಬೇಕಾಯಿತು, ಒಂದಲ್ಲ ಹಲವು ಸಲ.

ಒಳ್ಳೆಯ ದಿನಗಳದ್ದು ಇನ್ನೊಂದು ಕಥೆ. ನೋವು ಎರಡಕ್ಕೆ ಇಳಿದರೆ ಸಾಕು, ಬಾಕಿ ಬಿದ್ದ ಬಟ್ಟೆ, ಕಪಾಟು, ಪರದೆ ಎಲ್ಲ ಒಂದೇ ದಿನ. ಮರುದಿನ ಬಾತ್‌ರೂಮ್ ನೆಲ. ಬೆಳಿಗ್ಗೆಯೇ ಎರಡು ಕೆಲಸ ಬರೆದಿಟ್ಟು, ಇನ್ನೂ ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸಿ ಅಂದೆ. ನಾಲ್ಕರ ದಿನ ಪೂರ್ತಿ ಮಲಗುವುದೂ ಬೇಡ, 20 ನಿಮಿಷದ ನಡಿಗೆಯಾದರೂ ಇರಲಿ. ಊಟ, ನಿದ್ದೆಯ ಹೊತ್ತು ರಜೆಯಲ್ಲೂ ಬದಲಾಗಬಾರದು. ನಾನು ಕೊಟ್ಟ ಸಲಹೆಗಳಲ್ಲಿ ಅವರಿಗೆ ಅತ್ಯಂತ ಕಷ್ಟವಾದದ್ದು ಆ ನಿಲ್ಲಿಸುವುದೇ.

ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ಹೊಸ ಪರಿಹಾರ ಹುಡುಕುವುದನ್ನೂ ಕಟ್ಟಿಹಾಕಬೇಕಿತ್ತು. ಮನೆಯಲ್ಲಿ ನಾಲ್ಕು ಬಗೆಯ ದಿಂಬಿದ್ದವು! ಹುಡುಕಬೇಡಿ ಅನ್ನಲಿಲ್ಲ. ಒಂದು ಸಲಕ್ಕೆ ಒಂದೇ, ಶುರು ಮಾಡಿದ ತಾರೀಖು ಮತ್ತು ತೀರ್ಮಾನದ ತಾರೀಖು ಕ್ಯಾಲೆಂಡರಿನಲ್ಲಿರಬೇಕು, ನಡುವೆ ಬೇರೇನೂ ಇಲ್ಲ. ಸಿಕ್ಕಸಿಕ್ಕವರ ಸಲಹೆಗೆ ಒಂದೇ ಉತ್ತರ ಕಲಿಸಿದೆ: "ಬರ್ಕೊಂಡಿದ್ದೀನಿ."

ಹೀಗೆ ಬಹುಕಾಲದ ನೋವಿರುವವರಿಗೆಲ್ಲ ಹೇಳುವ ಒಂದು ಮಾತನ್ನು ಅವರಿಗೂ ಬರೆದುಕೊಟ್ಟಿದ್ದೆ. ಕ್ಷಣಾರ್ಧದಲ್ಲಿ ಸಿಡಿಲಿನಂತೆ ಬಂದ ನೋವು, ಜ್ವರದ ಜೊತೆ ಕತ್ತು ಬಿಗಿ, ಕೈಕಾಲಿನ ಬಲ ಅಥವಾ ಮಾತು ತಪ್ಪುವುದು, ತಲೆಗೆ ಪೆಟ್ಟು, ಹಳೆ ನೋವಿನ ರೀತಿಯೇ ಬದಲಾಗುವುದು: ಇವು ಕಂಡರೆ ಹಳೇ ತಲೆನೋವೇ ಅಂತ ಸುಮ್ನೆ ಮಲಗಬಾರದು, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು.

ಒಂಬತ್ತು ತಿಂಗಳಾದ ಮೇಲೆ ಕ್ಯಾಲೆಂಡರಿನಲ್ಲಿ 14 ದಿನ ನೋವು, 6 ಟಿಕ್. ನೋವು ಹೋಗಿಲ್ಲ. ಅರ್ಧ ದಿನದ ಕೆಲಸಕ್ಕೆ ಇಳಿದಿದ್ದಾರೆ, ಆ ಬಗ್ಗೆ ಬೇಸರವೂ ಇದೆ. ಕಳೆದ ಭೇಟಿಯಲ್ಲಿ ಅದನ್ನೇ ಮಾತಾಡುತ್ತಿದ್ದೆವು, ನಡುವೆ ನಗು ಬಂತು ಅವರಿಗೆ. ಹಿಂದಿನ ದಿನ ಫ್ರಿಜ್ ಮೇಲೆ ತಮ್ಮ ಹಸಿರಿನ ಪಕ್ಕ ಇನ್ನೊಂದು ಕೆಂಪು ಮ್ಯಾಗ್ನೆಟ್ ಇತ್ತಂತೆ. ಯಾರದ್ದು ಅಂತ ಕೇಳಿದರೆ ಮಗಳು ಒಳಗಿನಿಂದಲೇ ಕೂಗಿದಳಂತೆ, "ನಂದು! ನಾಳೆ ಗಣಿತ ಪರೀಕ್ಷೆ, ಯಾರೂ ಮಾತಾಡಿಸಬೇಡಿ!"