ಚಟ್ಟಿಯ ಗಿಡಕ್ಕೆ ಆಟಿಯ ಮಳೆ

ಬೇಸಗೆಯಲ್ಲಿ ನನಗೆ ಹೆಚ್ಚು ಪತ್ರ ಬರುವುದಿಲ್ಲ. ಒಣಗುವ ಗಿಡಕ್ಕೆ ನೀರು ಹಾಕಬೇಕು ಅಂತ ಎಲ್ಲರಿಗೂ ಗೊತ್ತು. ಕೊಳೆಯುವ ಗಿಡಕ್ಕೆ ಎಂತ ಮಾಡುವುದು? ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದೇ.

ಅಕ್ಕಾ, ನನ್ನ ಅಡೀನಿಯಂ ಏಪ್ರಿಲ್‌ನಲ್ಲಿ ಮೈತುಂಬ ಹೂ ಬಿಟ್ಟಿತ್ತು. ಈಗ ಎಲೆ ಹಳದಿಯಾಗಿ ಉದುರುತ್ತಿದೆ. ಬುಡ ಒತ್ತಿದರೆ ಮೆತ್ತಗಿದೆ. ಗೊಬ್ಬರ ಕಡಿಮೆಯಾಯಿತಾ? – ಓದುಗರು, ಬದಿಯಡ್ಕ

ಗೊಬ್ಬರ ಅಲ್ಲ, ನೀರು ಜಾಸ್ತಿಯಾದದ್ದು. ಅಡೀನಿಯಂ ಆಫ್ರಿಕಾ, ಅರೇಬಿಯಾದ ಒಣ ನೆಲದ ಗಿಡ. ಆ ದಪ್ಪ ಬುಡವೇ ಅದರ ನೀರಿನ ಟಾಂಕಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ತುಂಬಿದ ಟಾಂಕಿಗೆ ಮತ್ತೆ ಪೈಪು ಬಿಟ್ಟ ಹಾಗೆ!

ಇವತ್ತೇ ಗಿಡ ಕಿತ್ತು ಬೇರು ತೊಳೆಯಿರಿ. ಹರಿತವಾದ ಚೂರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಕೊಳೆತ ಭಾಗವನ್ನು ತೆಳ್ಳಗೆ ಹೋಳು ಮಾಡುತ್ತಾ ಬನ್ನಿ. ನನ್ನ ಗಿಡದಲ್ಲಿ ಮೊದಲ ಹೋಳು ಕಾಫಿ ಬಣ್ಣಕ್ಕಿತ್ತು, ಹುಳಿ ವಾಸನೆ. ಎರಡನೆಯದರಲ್ಲಿ ಕಂದು ಉಂಗುರ. ಮೂರನೆಯದರಲ್ಲಿ ಸೂಜಿಮೊನೆಯಷ್ಟು ಒಂದೇ ಚುಕ್ಕೆ. ಸಾಕು ಅನ್ನಿಸಿತು, ಆದರೂ ಬಿಡಲಿಲ್ಲ. ನಾಲ್ಕನೆಯದು ಮೂಲಂಗಿಯ ಹಾಗೆ ಬೆಳ್ಳಗೆ ಬಂತು. ಆ ಒಂದು ಚುಕ್ಕೆ ಉಳಿದರೂ ಹದಿನೈದು ದಿನದಲ್ಲಿ ಮತ್ತೆ ಅದೇ ಕಥೆ. ಕೊಯ್ದ ಜಾಗಕ್ಕೆ ಶಿಲೀಂಧ್ರನಾಶಕದ ಪುಡಿ ಸವರಿ, ಮಳೆ ತಾಗದ ಕಡೆ ಎಂಟು-ಹತ್ತು ದಿನ ಒಣಗಲು ಬಿಡಿ.

ನಾನು ಅಡುಗೆಮನೆಯ ಹಿಂದೆ ಒಲೆಯ ಹತ್ತಿರ ಹಾಳೆಯ ಮೇಲೆ ಮಲಗಿಸಿಟ್ಟಿದ್ದೆ. ಅತ್ತೆ ಅದನ್ನು ಸುವರ್ಣಗಡ್ಡೆ ಅಂದುಕೊಂಡು ಮೆಟ್ಟುಕತ್ತಿ ಎಳೆದುಕೊಂಡಿದ್ದರು. ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದ ವಿಷ ಇದರ ಹಾಲಿನಲ್ಲಿದೆ, ಮಾರಾಯ್ರೆ! ಕೊಯ್ದ ಮೇಲೆ ಕೈ, ಚೂರಿ ಎರಡನ್ನೂ ಚೆನ್ನಾಗಿ ತೊಳೆಯಿರಿ.

ಮತ್ತೆ ನೆಡುವಾಗ ಅರ್ಧದಷ್ಟು ದಪ್ಪ ಹೊಳೆ ಮರಳು ಮತ್ತು ಒಡೆದ ಹೆಂಚಿನ ಚೂರು ಹಾಕಿ. ಉಳಿದ ಅರ್ಧಕ್ಕೆ ತೊಳೆದ ತೆಂಗಿನ ನಾರಿನ ಪುಡಿ, ಹುಡಿಯಾದ ಹಟ್ಟಿಗೊಬ್ಬರ ಸಮ ಸಮ. ಕಡಲ ಮರಳು ಬೇಡ, ಉಪ್ಪು. ಮುಂದಿನ ವರ್ಷದಿಂದ ಪತ್ತನಾಜೆಗೆ (ಮೇ ಕೊನೆಗೆ) ಚಟ್ಟಿ ಮಾಡಿನೊಳಗೆ ಬರಲಿ, ನವರಾತ್ರಿ ಕಳೆದ ಮೇಲೆ ಅಂಗಳಕ್ಕೆ ಹೋಗಲಿ. ಒಳಗಿರುವಾಗ ಮಣ್ಣು ಪೂರ್ತಿ ಒಣಗುವ ತನಕ ನೀರು ಹಾಕಬೇಡಿ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟ ಬೋಗನ್‌ವಿಲ್ಲಾ ಮಾಡಿನವರೆಗೆ ಹಬ್ಬಿದೆ. ಎರಡು ವರ್ಷವಾದರೂ ಹೂವಿಲ್ಲ. ಪಕ್ಕದ ಮನೆಯವರ ಕಂಪೌಂಡಿನಲ್ಲಿ ಎಲೆಯೇ ಕಾಣದಷ್ಟು ಹೂ! – ಓದುಗರು, ಮಂಜೇಶ್ವರ

ನಿಮ್ಮ ಪ್ರಶ್ನೆಯ ಮೊದಲ ಮೂರು ಪದದಲ್ಲೇ ಉತ್ತರ ಇದೆ. ದಿನಾ ನೀರು ಸಿಗುವ ಬೋಗನ್‌ವಿಲ್ಲಾ ಹೂ ಬಿಡುವ ಕೆಲಸಕ್ಕೆ ಹೋಗುವುದೇ ಇಲ್ಲ, ಎಲೆ ಬೆಳೆಸಿಕೊಂಡು ಸುಖವಾಗಿರುತ್ತದೆ. ಪಕ್ಕದವರ ಗಿಡ ಕೆಂಪುಕಲ್ಲಿನ ಸಂದಿಯಲ್ಲಿ, ಯಾರೂ ತಿರುಗಿ ನೋಡದ ಕಡೆ ಇರಬೇಕು, ಅಲ್ವಾ? ನಾವು ಹೂ ಅನ್ನುವ ಬಣ್ಣದ ಕಾಗದ ನಿಜವಾಗಿ ಎಲೆಯೇ. ಅದರ ನಡುವೆ ಇರುವ ಪುಟ್ಟ ಬಿಳಿ ಕೊಳವೆಯೇ ಹೂ.

ದೊಡ್ಡ ಗಿಡ ಕೀಳಲು ಹೋಗಬೇಡಿ. ಅಕ್ಟೋಬರ್-ನವೆಂಬರ್‌ನ ತುಲಾ ಮಳೆ ನಿಂತ ಮೇಲೆ ಗೆಲ್ಲುಗಳನ್ನು ಅರ್ಧಕ್ಕೆ ಸವರಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಒಗೆದ ನೀರು ಬೇರೆ ಕಡೆ ಹರಿಯುವಂತೆ ಒಂದು ಸಣ್ಣ ಕಣಿ ಮಾಡಿ. ಸವರಿದ ಕಡ್ಡಿಗಳಲ್ಲಿ ಎರಡನ್ನು ಚಟ್ಟಿಯಲ್ಲಿ ಊರಿ, ಬೇರು ಬಂದ ಮೇಲೆ ಆರು ಗಂಟೆಯಾದರೂ ಬಿಸಿಲು ಬೀಳುವಲ್ಲಿ ಇಡಿ. ಎಲೆ ಸ್ವಲ್ಪ ಜೋಲಿದ ಮೇಲೆ ನೀರು. ಹಟ್ಟಿಗೊಬ್ಬರ ಸುರಿಯಬೇಡಿ.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದ್ದೇವೆ. ಸಿಟೌಟ್ ಉತ್ತರಕ್ಕಿದೆ, ಬಿಸಿಲು ಬೀಳುವುದಿಲ್ಲ. ಎರಡು ವರ್ಷದ ಮಗ ಇದ್ದಾನೆ. ಯಾವ ಗಿಡ ಇಡಬಹುದು? – ಓದುಗರು, ಉಪ್ಪಳ

ಇಂಟರ್‌ಲಾಕ್ ಬಗ್ಗೆ ನನಗಿರುವ ಸಿಟ್ಟನ್ನು ಇನ್ನೊಂದು ಸಲಕ್ಕೆ ಇಡುತ್ತೇನೆ.

ಎಲ್ಲರೂ ಹೇಳುವುದು ಆಂಥೂರಿಯಂ, ಮನಿಪ್ಲಾಂಟ್, ಡಿಫೆನ್‌ಬೇಕಿಯಾ. ನೆರಳಿಗೆ ಒಳ್ಳೆಯವೇ. ಆದರೆ ಮೂರೂ ಕೆಸುವಿನ ಕುಟುಂಬದವು. ಸರಿಯಾಗಿ ಬೇಯದ ಪತ್ರೊಡೆ ತಿಂದರೆ ಗಂಟಲು ತುರಿಸುತ್ತದಲ್ಲ, ಅದೇ ಸೂಜಿಯಂಥ ಹರಳು ಇವುಗಳಲ್ಲೂ ಇವೆ. ಮಗು ಕಚ್ಚಿದರೆ ಬಾಯಿ ಉರಿದು ನಾಲಿಗೆ ಊದುತ್ತದೆ. ಡಿಫೆನ್‌ಬೇಕಿಯಾ ಅಂತೂ ಬೇಡವೇ ಬೇಡ. ಆಂಥೂರಿಯಂ ಬೇಕೇ ಬೇಕು ಅಂದರೆ ಮಗನ ಕೈಗೆಟುಕದ ಎತ್ತರದಲ್ಲಿ, ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು ತುಂಬಿದ ಚಟ್ಟಿಯಲ್ಲಿಡಿ. ಕೆಳಗೆ ಬಾಸ್ಟನ್ ಫರ್ನ್, ಸ್ಪೈಡರ್ ಪ್ಲಾಂಟ್, ಕಲಾಥಿಯಾ ಸಾಕು. ಇವು ಬಾಯಿಗೆ ಹೋದರೂ ವಿಷವಲ್ಲ.

ಇನ್ನೊಂದು ವಿಷಯ. ಉತ್ತರಕ್ಕೆ ಬಿಸಿಲೇ ಇಲ್ಲ ಅನ್ನಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೇ ತಿಂಗಳಲ್ಲಿ ಸಿಟೌಟ್ ಅಂಚಿನ ಫರ್ನ್ ಸುಟ್ಟರೆ ಅದೇ ಕಾರಣ, ಒಂದು ಮಾರು ಒಳಗೆ ಸರಿಸಿ. ಚಟ್ಟಿಯ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಗೆ ಅಷ್ಟೇ ನೀರು ಧಾರಾಳ ಸಾಕು.

ಬೆಂಗಳೂರಿನಿಂದ ತಂದ ಗುಲಾಬಿಯ ಎಲೆಯಲ್ಲೆಲ್ಲ ಕಪ್ಪು ಚುಕ್ಕೆ. ಬದಲಿಗೆ ಗುಡ್ಡೆಯ ಕೇಪಳ ತಂದು ನೆಡಬಹುದಾ? – ಓದುಗರು, ಪೆರ್ಲ

ಗುಲಾಬಿಗೆ ಬಂದಿರುವುದು ಬೂಷ್ಟು ರೋಗ. ದಿನವಿಡೀ ಎಲೆ ಒದ್ದೆಯಾಗಿರುವ ಊರಿನಲ್ಲಿ ಅದು ಬಿಟ್ಟುಹೋಗುವುದು ಕಷ್ಟ. ನಾನು ಮೂರು ಸಲ ಗುಲಾಬಿ ತಂದು ಮೂರು ಸಲವೂ ಸೋತವಳು.

ಕೇಪಳ (ಇಕ್ಸೋರಾ) ಒಳ್ಳೆಯ ಯೋಚನೆ. ಆದರೆ ಗಿಡ ಕೀಳಬೇಡಿ. ಬೇರು ಕಲ್ಲಿನ ಬಿರುಕಿನಲ್ಲಿ ಇಳಿದಿರುತ್ತದೆ, ಅರ್ಧ ಅಲ್ಲೇ ಉಳಿದು ಗಿಡ ಸಾಯುತ್ತದೆ. ಪೆನ್ಸಿಲ್ ದಪ್ಪದ, ಹೂವಿಲ್ಲದ ಗೆಲ್ಲಿನ ಹತ್ತು ಕಡ್ಡಿ ತನ್ನಿ. ಮೇಲಿನ ಎರಡೆಲೆ ಬಿಟ್ಟು ಉಳಿದವನ್ನು ಚಿವುಟಿ, ಮರಳಿನಲ್ಲಿ ಊರಿ ನೆರಳಲ್ಲಿಡಿ. ಎಲ್ಲವೂ ಬದುಕುವುದಿಲ್ಲ, ನನಗೆ ಕಳೆದ ವರ್ಷ ಸಿಕ್ಕಿದ್ದು ನಾಲ್ಕು. ಬೇರು ಬಂದ ಮೇಲೆ ಗುಡ್ಡೆಯದೇ ಕೆಂಪು ಮಣ್ಣಿನಲ್ಲಿ ನೆಡಿ. ಹೊಸದಾಗಿ ಸಿಮೆಂಟು ಸಾರಿಸಿದ ಗೋಡೆಯ ಬುಡದಲ್ಲಿ ಮಾತ್ರ ಬೇಡ. ಸುಣ್ಣದ ಅಂಶ ಇಳಿದು ಎಲೆ ಬಿಳಿಚಿಕೊಳ್ಳುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ.