ಎಲ್ಲಿ ನಕ್ಕಿರಿ, ಅದನ್ನು ಹೇಳಿ

ಫ್ರೆಂಚ್ ನಿರ್ದೇಶಕ ಆಂದ್ರೆ ಹ್ಯುಗೊಂ 1930ರಲ್ಲಿ ಮಾಡಿದ 'ಲೆವಿ ಎ ಕಂಪನಿ' ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಯೆಹೂದಿ ಅಂಗಡಿ ಮನೆತನದ ಹಳೇ ಫ್ರೆಂಚ್ ಹಾಸ್ಯಚಿತ್ರವನ್ನು ಹುಡುಕಿ ಬರೆದಿದ್ದೀರಿ, ಶಹಬ್ಬಾಸ್. ಮಾಹಿತಿಯೂ ಸರಿಯಾಗಿದೆ. ಫ್ರಾನ್ಸಿನ ಮೊದಲ ಟಾಕಿ ಎನ್ನಲಾಗುವ 'ಲೆ ತ್ರುವಾ ಮಾಸ್ಕ್' ಚಿತ್ರವನ್ನು ಇದೇ ಹ್ಯುಗೊಂ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ತೆಗೆದದ್ದು, ಲೆವಿಗಳ ಎರಡನೇ ಚಿತ್ರ 1932ರಲ್ಲಿ ಬಂದದ್ದು, ಎಲ್ಲ ಇದೆ. ಆದರೂ ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು.

ಎರಡನೇ ಪ್ಯಾರಾ ನೋಡಿ. "ಪಾಪ, ಮುಂದೆ ಏನು ಕಾದಿದೆ ಎಂದು ಲೆವಿಗಳಿಗೆ ಗೊತ್ತಿರಲಿಲ್ಲ" ಅಂತೀರಿ. ಯಾರಿಗೆ ಗೊತ್ತಿತ್ತು ಸ್ವಾಮಿ? ಅವತ್ತು ಟಿಕೆಟ್ ಕೊಂಡು ಒಳಗೆ ಕೂತವರಿಗೂ ಗೊತ್ತಿರಲಿಲ್ಲ. ಹೋಗಲಿ ಅಂದರೆ ಮುಂದಿನ ಪ್ಯಾರಾದಲ್ಲಿ "ವಿಧಿಯ ಕರಿನೆರಳು", ಅದರ ಮುಂದಿನದರಲ್ಲಿ "ಕೊನೆಯ ನಗು". ಸಾಲೊಮೊಂ ಲೆವಿಯಾಗಿ ಲೆಯೊಂ ಬೆಲಿಯೆರ್ ಬಾಯಿ ತೆರೆಯುವ ಮೊದಲೇ ನೀವು ಅವನ ತಿಥಿ ಮಾಡಿ ಮುಗಿಸಿದ್ದೀರಿ.

ನಾಜಿ ಜರ್ಮನಿ ಫ್ರಾನ್ಸಿಗೆ ನುಗ್ಗಿದ 1940ನ್ನು ಬರೆಯಬೇಡಿ ಅಂತಲ್ಲ. ಆ ಸೆಪ್ಟೆಂಬರ್ 27ರ ಜರ್ಮನ್ ಆಜ್ಞೆ ಬಂದ ಮೇಲೆ, ಆಕ್ರಮಿತ ಫ್ರಾನ್ಸಿನ ಇಂಥ ಅಂಗಡಿಗಳು ಜರ್ಮನ್, ಫ್ರೆಂಚ್ ಎರಡರಲ್ಲೂ ಇದು ಯೆಹೂದಿಯ ಅಂಗಡಿ ಎಂಬ ಬೋರ್ಡು ಹಾಕಬೇಕಾಯಿತು. 1941ರ ಜುಲೈನಲ್ಲಿ, ಜರ್ಮನರ ಜತೆ ಕೈಜೋಡಿಸಿದ್ದ ಫ್ರಾನ್ಸಿನದೇ ವಿಷಿ ಸರ್ಕಾರದ ಕಾಯ್ದೆ ಬಂದು ಅಂಗಡಿಗಳೇ ಕೈತಪ್ಪಿದವು. ನಿಮ್ಮಲ್ಲಿ ನೆರಳಿಗೆ ಮೂರು ಪ್ಯಾರಾ, ಬೋರ್ಡಿಗೆ ಒಂದು ಸಾಲೂ ಇಲ್ಲ!

ಇನ್ನು "ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ". ಯಾವುದಕ್ಕೆ ನಕ್ಕಿರಿ? ಚೌಕಾಸಿಗಾ, ಮಾತಿನ ಧಾಟಿಗಾ, ಯೆಹೂದಿ ಅಂದರೆ ಜಿಪುಣ ಎಂಬ ಹಳೇ ಮೂದಲಿಕೆಗಾ? ಮೂದಲಿಕೆಗೆ ನಕ್ಕದ್ದನ್ನು ಮುಚ್ಚಿಕೊಳ್ಳೋಕೇ ಈ ವಿಧಿ ಗಿಧಿ ಎಲ್ಲ ತಂದಿದ್ದೀರಿ ಅಂತ ನನ್ನ ಗುಮಾನಿ. ಮುಚ್ಚಬೇಡಿ. ನಿಮ್ಮ ಲೇಖನ ಇರುವುದೇ ಅಲ್ಲಿ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಸಿನಿಮಾ ಪುಟದ ಹಿರಿಯರು ನನ್ನನ್ನು ಮಾರ್ನಿಂಗ್ ಶೋಗೆ ಓಡಿಸುತ್ತಿದ್ದರು. ವಾಪಸ್ ಬಂದರೆ ಕಥೆ ಕೇಳುತ್ತಿರಲಿಲ್ಲ. "ಜನ ಎಲ್ಲಿ ನಕ್ರು? ನೀನೆಲ್ಲಿ ನಕ್ಕೆ?" ಅಷ್ಟೇ. ಕತ್ತಲಲ್ಲಿ ಸಿಗರೇಟ್ ಪ್ಯಾಕಿನ ಮೇಲೆ ಗೀಚಿಕೊಂಡು ಬರುತ್ತಿದ್ದೆ, ಸಾಲಿನ ಮೇಲೆ ಸಾಲು ಹತ್ತಿರುತ್ತಿತ್ತು, ಅದನ್ನೇ ಕಿಟಕಿ ಹತ್ತಿರ ಹಿಡಿದು ಓದಿ, "ಇಲ್ಲಿ ಎಲ್ರೂ ನಗುವಾಗ ನೀನ್ಯಾಕೆ ಸುಮ್ನಿದ್ದೆ? ಅದನ್ನ ಬರಿ" ಅನ್ನುತ್ತಿದ್ದರು. ಟೀ ಮಾತ್ರ ಯಾವತ್ತೂ ಕೊಡಿಸಲಿಲ್ಲ.

ಕೊನೆಯ ಎರಡು ಪುಟದ ಬಗ್ಗೆ ಈಗ ಮಾತಾಡಲ್ಲ. ಸಿನಿಮಾ ಮತ್ತೆ ಹಾಕಿ ನೋಡಿ. ನಕ್ಕ ಕಡೆ ನಿಲ್ಲಿಸಿ, ಆ ದೃಶ್ಯ ಒಂದನ್ನೇ ಬರೆದು ಕಳಿಸಿ.